ಸುಂಕದಕಟ್ಟೆಯ ಮೂರು ದಿನ

ಹಾಸನದಿಂದ ಅರಕಲಗೂಡಿನ ಕಡೆ ಹೋಗುವ ದಾರಿಯಲ್ಲಿ, ಕಟ್ಟಾಯದ ಹತ್ತಿರ, ರಸ್ತೆಯ ಎರಡು ಬದಿಗೂ ಒಂದೊಂದು ಕಲ್ಲುಕಂಬ ನಿಂತಿದ್ದವು. ಹಿಂದೊಂದು ಕಾಲಕ್ಕೆ ಆ ಕಂಬಗಳಿಗೆ ಅಡ್ಡಲಾಗಿ ಒಂದು ತೊಲೆ ಇರುತ್ತಿತ್ತು. ಗಾಡಿಯವನು ಸುಂಕ ತೆತ್ತ ಮೇಲೆ ತೊಲೆ ಮೇಲೇಳುತ್ತಿತ್ತು. ಸುಂಕ ಎತ್ತುವುದು ನಿಂತಿತು, ತೊಲೆ ಯಾರದೋ ಕೊಟ್ಟಿಗೆಯ ಸೂರಿಗೆ ಹೋಯಿತು, ಸುಂಕದವನು ಕೂರುತ್ತಿದ್ದ ಕಲ್ಲುಕಟ್ಟಡ ಬಾವಲಿಗಳ ಪಾಲಾಯಿತು. ಸಾವಿರದ ಒಂಬೈನೂರ ಮೂವತ್ತರಲ್ಲಿ ಪರಮಶಿವಯ್ಯನವರು ಅದನ್ನು ಹರಾಜಿನಲ್ಲಿ ಹಿಡಿದು, ಬಾವಲಿ ಓಡಿಸಿ, ಸುಣ್ಣ ಬಳಿಸಿ ಹೋಟೆಲು ಮಾಡಿದರು. ಊರವರು ನಕ್ಕರು. ಹಾದಿಹೋಕರಿಗೆ ಅನ್ನ ಮಾರಿ ಬದುಕಿದವರು ಎಲ್ಲಾದರೂ ಉಂಟೇ ಎಂದರು. ನಕ್ಕವರೇ ಆಮೇಲೆ ಸಂತೆಗೆ ಹೋಗುವಾಗ ಬಂದು ಎಲೆಯ ಮುಂದೆ ಕೂತರು.

ಮುಂದೆ ಮೂರಂಕಣದ ತೆರೆದ ಪಡಸಾಲೆ. ಹಿಂದೆ, ಸುಂಕದ ಹಣ ಇಡುತ್ತಿದ್ದ ಕೋಣೆ. ಮೊಳ ದಪ್ಪದ ಗೋಡೆ, ಕಿಟಕಿಯಿಲ್ಲ, ಹಿತ್ತಿಲ ಬಾವಿಗೆ ತೆರೆಯುವ ಒಂದು ಬಾಗಿಲು. ಪಡಸಾಲೆಗೂ ಕೋಣೆಗೂ ನಡುವೆ ಒಂದು ಕಿಂಡಿ, ತಪ್ಪಲೆಯೊಂದು ದಾಟುವಷ್ಟು. ಮೊದಲು ಆ ಕಿಂಡಿಯಿಂದ ಸುಂಕ ಒಳಗೆ ಹೋಗುತ್ತಿತ್ತು. ಈಗ ಅನ್ನ ಹೊರಗೆ ಬರುತ್ತಿತ್ತು.

ಆ ಕೋಣೆಯೇ ಅಡಿಗೆಮನೆ. ನೀಲಾಂಬಿಕೆ ಚನ್ನರಾಯಪಟ್ಟಣದ ಕಡೆಯಿಂದ ಸೊಸೆಯಾಗಿ ಬಂದ ಮರುವರ್ಷವೇ ಹೋಟೆಲು ಶುರುವಾದದ್ದು. ಮೊದಮೊದಲು ಅತ್ತೆ ಸುವರ್ಣಮ್ಮ ಬೇಯಿಸುತ್ತಿದ್ದರು, ಇವಳು ಜೊತೆಗಿರುತ್ತಿದ್ದಳು. ಅತ್ತೆಯ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಗಂಜಿಯ ಬಣ್ಣವಾದ ಮೇಲೆ ಸೌಟು ಇವಳ ಕೈಗೆ ಬಂತು. ಸುವರ್ಣಮ್ಮ ಗೋಡೆಗೊರಗಿ ಕೂತು ಊಟಕ್ಕೆ ಮುತ್ತುಗದ ಎಲೆ ಹಚ್ಚತೊಡಗಿದರು. ಬಿದಿರುಕಡ್ಡಿಯ ಚೂರು ಅವರ ಬೆರಳಿಗೆ ತಾನೇ ದಾರಿ ಹೇಳುತ್ತಿತ್ತು.

ಹೆಂಗಸರ ದನಿ ಪಡಸಾಲೆಗೆ ಕೇಳಬಾರದು ಎಂಬುದು ಪರಮಶಿವಯ್ಯನವರ ಕಟ್ಟಳೆ. ಅದಕ್ಕೇ ಸೌಟಿನ ಭಾಷೆ ಹುಟ್ಟಿತು. ಕಿಂಡಿಯ ಕಲ್ಲಿಗೆ ಒಂದು ಸಲ ತಟ್ಟಿದರೆ ಮುದ್ದೆ ಬಂತೆಂದು, ಎರಡು ಸಲ ತಟ್ಟಿದರೆ ಸಾರೆಂದು, ಮೂರು ಸಲ ತಟ್ಟಿದರೆ ಎಲ್ಲ ಮುಗಿಯಿತು, ಇನ್ನು ಯಾರನ್ನೂ ಕೂರಿಸಬೇಡಿ ಎಂದು. ಗಂಡ ಷಡಕ್ಷರಿ ತಟ್ಟಿದ ಸದ್ದಿಗೆ ಬಂದು ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದ. ನೀಲಾಂಬಿಕೆಗೆ ಕಾಣುತ್ತಿದ್ದದ್ದು ಎಲೆಗಳು ಮತ್ತು ಎಲೆಗಳ ಮೇಲಿನ ಕೈಗಳು. ಹದಿಮೂರು ವರ್ಷ ಉಣ್ಣಿಸಿದ ಎಷ್ಟೋ ಜನರ ಮುಖ ಅವಳಿಗೆ ಗೊತ್ತಿರಲಿಲ್ಲ.

ಯುದ್ಧ ಬಂದು ಪೆಟ್ರೋಲು ಸಿಗದಾದಾಗ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡತೊಡಗಿದವು. ಬಸ್ಸಿನ ಹಿಂದೆ ಪೀಪಾಯಿಯಂಥ ಒಲೆ. ಸುಂಕದಕಟ್ಟೆಯ ಏರಿಗೆ ಬರುವಷ್ಟರಲ್ಲಿ ಅದು ಉಸಿರು ಬಿಡುತ್ತಿತ್ತು. ಬೂದಿ ಕೆದಕಿ, ಇದ್ದಿಲು ತುಂಬಿ, ಗಾಳಿಚಕ್ರ ತಿರುಗಿಸಿ ಮತ್ತೆ ಹೊರಡಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಜನ ಸುಮ್ಮನೆ ಕೂತಾರೆಯೇ? ಹೋಟೆಲು ತುಂಬಿತು. ಅಕ್ಕಿಗೆ ಕಂಟ್ರೋಲು ಬಂದದ್ದರಿಂದ ಮುದ್ದೆ ಹೆಚ್ಚು, ಅನ್ನ ಒಂದು ಹಿಡಿ. ಹುರುಳಿಕಾಳಿನ ಸಾರು, ಬೆಲ್ಲದ ಕಾಫಿ. ಡ್ರೈವರ್ ಬಸವರಾಜು ದಿನವೂ ಹೇಳುತ್ತಿದ್ದ ಮಾತೊಂದಿತ್ತು. ನನ್ನ ಬಸ್ಸಿನ ಒಲೆ ಕೆಟ್ಟರೂ ನಿಮ್ಮ ಒಲೆ ಕೆಡಕೂಡದು ಸ್ವಾಮಿ ಎಂದು.

ಸಾವಿರದ ಒಂಬೈನೂರ ನಲವತ್ತಮೂರರ ಏಪ್ರಿಲಿನಲ್ಲಿ ನೀಲಾಂಬಿಕೆಯ ಅಣ್ಣನ ಕಾಗದ ಬಂತು. ಅಣ್ಣ ಚಂದ್ರಶೇಖರಯ್ಯ ಹೊಳೆನರಸೀಪುರದಲ್ಲಿ ಮೇಷ್ಟ್ರು. ಕಾಗದವನ್ನು ಮಗಳು ಶಾಂತಕುಮಾರಿ ಒಲೆಯ ಬೆಳಕಿನಲ್ಲಿ ಓದಿದಳು. ಹನ್ನೆರಡು ವರ್ಷದ ಹುಡುಗಿ, ಮನೆಗೆ ಒಬ್ಬಳೇ ಮಗಳು, ಊರಿನ ಶಾಲೆಯಲ್ಲಿ ಇದ್ದಷ್ಟನ್ನೂ ಓದಿ ಮುಗಿಸಿದ್ದಳು. ಜೂನ್ ಹದಿನೈದರೊಳಗೆ ಕಳಿಸಿದರೆ ಮಿಡ್ಲ್ ಸ್ಕೂಲಿಗೆ ಸೇರಿಸುತ್ತೇನೆ, ನಮ್ಮ ಮನೆಯಲ್ಲೇ ಇರಲಿ, ತಡವಾದರೆ ಜಾಗ ಸಿಗುವುದಿಲ್ಲ ಎಂದು ಬರೆದಿತ್ತು. ಓದಿ ಮುಗಿಸಿ ಹುಡುಗಿ ಕಾಗದವನ್ನು ಮಡಿಸಲಿಲ್ಲ. ಮಸಿ ತಾಗದ ಹಾಗೆ ಅಂಗೈ ಮೇಲೆ ಇಟ್ಟುಕೊಂಡು ನಿಂತಳು.

ಬಸ್ಸು ಹೋದ ಮೇಲೆ ಮನೆಯವರ ಊಟ. ಮಾವನಿಗೆ ಮುದ್ದೆ ಇಡುತ್ತ ನೀಲಾಂಬಿಕೆ ವಿಷಯ ಎತ್ತಿದಳು.

"ಓದ್ಲಿ, ಬ್ಯಾಡ ಅಂದೋರ್ಯಾರು," ಎಂದರು ಪರಮಶಿವಯ್ಯ. "ನಿನ್ನ ಜೊತೇಲಿ ಯಾರಿರ್ತಾರೆ, ಅದ ಹೇಳು. ಬಸ್ಸು ನಿಂತ್ರೆ ಮೂವತ್ತು ಎಲೆ. ಒಬ್ಬಳ ಕೈಲಾಯ್ತದಾ?"

"ಒಬ್ಬ ಹೆಂಗಸನ್ನ ಇಟ್ಕೊಂಡ್ರಾಯ್ತು ಮಾವ. ಕಟ್ಟಾಯದಲ್ಲಿ ನಮ್ಮೋರೇ ಇದಾರೆ, ಲಿಂಗವಂತರು."

"ಹೊರಗಿನೋಳು ಒಳಗೆ ಬಂದ್ರೆ ಒಳಗಿನ ಮಾತು ಹೊರಗೆ ಹೋಯ್ತದೆ ಕಣವ್ವ."

ಯಾವ ಮಾತು ಎಂದು ಯಾರೂ ಕೇಳಲಿಲ್ಲ. ಷಡಕ್ಷರಿ ಸಾರಿನಲ್ಲಿ ಬೆರಳಾಡಿಸಿದ. ಸುವರ್ಣಮ್ಮ ಎಲೆಗೆ ಕಡ್ಡಿ ಚುಚ್ಚಿದರು.

ಒಳಗಿನ ಮಾತು ಇಷ್ಟೇ. ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಎಂಬುದು ಇವರ ಮನೆಯ ನಂಬಿಕೆ. ತಿಂಗಳ ಮೂರು ದಿನ ಹೊರಗೆ ಕೂರುವುದು ಇವರಲ್ಲಿಲ್ಲ. ನೀಲಾಂಬಿಕೆಯ ತವರಿನಲ್ಲೂ ಇರಲಿಲ್ಲ. ಆದರೆ ತವರಿನಲ್ಲಿ ಬೇಯಿಸಿದ್ದನ್ನು ಮನೆಯವರೇ ಉಣ್ಣುತ್ತಿದ್ದರು. ಇಲ್ಲಿ ಉಣ್ಣುತ್ತಿದ್ದವರಲ್ಲಿ ಮುಕ್ಕಾಲುಪಾಲು ಒಕ್ಕಲಿಗರು, ಇತರರು, ಅವರ ಹೆಂಗಸರು ಆ ಮೂರು ದಿನ ಪಾತ್ರೆ ಮುಟ್ಟುವವರಲ್ಲ. ಪರಮಶಿವಯ್ಯ ಬೆಳಿಗ್ಗೆ ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮಾಡುವಾಗ ನಂಬುತ್ತಿದ್ದ ಮಾತನ್ನು ಪಡಸಾಲೆಯಲ್ಲಿ ಒಂದು ದಿನವೂ ಆಡಿರಲಿಲ್ಲ. ಯಾರೂ ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಬಟ್ಟೆ ಒಗೆದರೆ ಬಚ್ಚಲಿನ ಮೂಲೆಯಲ್ಲೇ ಒಣಗಬೇಕು, ಹಿತ್ತಿಲ ಹಗ್ಗಕ್ಕೆ ಬರಕೂಡದು ಎಂದು ಸುವರ್ಣಮ್ಮ ಮೊದಲ ವಾರವೇ ಸೊಸೆಗೆ ಹೇಳಿದ್ದರು.

ಗೊತ್ತಿದ್ದವಳೊಬ್ಬಳೇ, ಪಕ್ಕದ ಗುಡಿಸಲಿನ ಕಲ್ಲಮ್ಮ. ರಾಗಿ ಬೀಸಿಕೊಡುತ್ತಿದ್ದಳು. ತಿಂಗಳಿಗೆ ಮೂರು ದಿನ ಅವಳು ರಸ್ತೆಬದಿಯ ಹೊಂಗೆಮರದಡಿ ಚಾಪೆ ಹಾಸಿ, ಕಾಲು ನೀಡಿ, ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದಳು. ಅವಳ ಗಂಡನೇ ಮುದ್ದೆ ತಿರುವಿ ದೂರದಿಂದ ಇಟ್ಟು ಹೋಗುತ್ತಿದ್ದ. ಪಡಸಾಲೆಯ ಮುಂದೆ ನೀರು ಚಿಮುಕಿಸಲು ಬಂದ ನೀಲಾಂಬಿಕೆಯನ್ನು ಕಂಡು ಒಮ್ಮೆ ಅವಳೆಂದದ್ದುಂಟು.

"ನಿಮ್ಗೆ ಲಿಂಗ ಕೊಟ್ಬುಟ್ಟು ಶಿವ ರಜಾನೇ ಕಿತ್ಕಂಡವ್ನೆ ಕಣವ್ವ."

ಆಗ ಇಬ್ಬರೂ ನಕ್ಕಿದ್ದರು.

ಆ ತಿಂಗಳ ಕೊನೆಯ ಮಂಗಳವಾರ ನೀಲಾಂಬಿಕೆ ಬೆಳಿಗ್ಗೆ ಎದ್ದು ಮಿಂದು, ಲಿಂಗಪೂಜೆ ಮುಗಿಸಿ, ಒಲೆ ಹಚ್ಚಿದಳು. ಸೊಂಟ ಹಿಡಿದಿತ್ತು. ಹೊಟ್ಟೆಯಲ್ಲಿ ಬೀಸುಕಲ್ಲು. ಎಸರಿಗೆ ನೀರಿಟ್ಟವಳು ಅದು ಕಾಯುವುದನ್ನು ನೋಡುತ್ತ ನಿಂತಳು. ಆಮೇಲೆ ಸೌಟನ್ನು ತೊಳೆದು ಗೂಟಕ್ಕೆ ತೂಗುಹಾಕಿ, ಹಿತ್ತಿಲಿಂದ ಬಳಸಿಕೊಂಡು ಬಂದು ಹೊಂಗೆಮರದಡಿ ಕೂತುಬಿಟ್ಟಳು. ಅವಳ ಲೆಕ್ಕಾಚಾರ ಸರಳವಾಗಿತ್ತು. ಮೂರು ದಿನ ಬೇಯಿಸುವವರಿಲ್ಲದಿದ್ದರೆ ಮಾವ ತಾವೇ ಕಟ್ಟಾಯಕ್ಕೆ ಹೋಗಿ ಹೆಂಗಸೊಬ್ಬಳನ್ನು ಕರೆತರುತ್ತಾರೆ. ಒಮ್ಮೆ ಬಂದವಳು ನಿಲ್ಲುತ್ತಾಳೆ. ಶಾಂತ ಹೊರಡುತ್ತಾಳೆ.

ಪರಮಶಿವಯ್ಯ ಬಂದು ನಿಂತರು.

"ಏನಿದು?"

"ಹೊರಗಾಗಿದ್ದೀನಿ ಮಾವ."

"ನಮ್ಮಲ್ಲಿ ಆ ಪದ್ಧತಿ ಇಲ್ಲ. ಲಿಂಗ ಕಟ್ಟಿದ ಮೈಗೆ ಮೈಲಿಗೆ ಎಲ್ಲಿಂದ ಬಂತು? ಏಳು, ಎಸರು ಕುದೀತಾ ಅದೆ."

"ಈ ಮಾತನ್ನ ಬಸ್ಸಿನೋರ ಮುಂದೆ ಒಂದ್ಸಲ ಹೇಳ್ಬುಡಿ ಮಾವ. ಎದ್ದು ಬತ್ತೀನಿ."

ಅಷ್ಟರಲ್ಲಿ ಏರಿನ ಕೆಳಗೆ ಬಸ್ಸು ಕೆಮ್ಮುವುದು ಕೇಳಿಸಿತು. ಹೊಗೆಯೂ ಕಂಡಿತು.

ಆ ದಿನ ಬಸ್ಸಿಳಿದವರೆಲ್ಲ ಅವಳನ್ನು ನೋಡಿದರು. ಹದಿಮೂರು ವರ್ಷದಲ್ಲಿ ಮೊದಲ ಸಲ ಅವಳಿಗೂ ಅವರ ಮುಖಗಳು ಕಂಡವು. ಕಿಂಡಿಯಲ್ಲಿ ವಾರವಾರ ಕಾಣುತ್ತಿದ್ದ, ಕಿರುಬೆರಳಿಲ್ಲದ ಆ ಎಡಗೈ ಹುಲಿಯಪ್ಪನದೆಂದು ಆಗ ಗೊತ್ತಾಯಿತು. ಅವನು ಅರಕಲಗೂಡಿನ ಕಡೆಯ ದನದ ವ್ಯಾಪಾರಿ, ಹಾಸನದ ಸಂತೆಗೆ ತಪ್ಪದೆ ಹೋಗುವವನು, ಹಳೆಯ ಗಿರಾಕಿ. ಅವನು ಮರದಡಿಗೆ ಒಂದು ನೋಟ, ಕಿಂಡಿಗೆ ಒಂದು ನೋಟ ಹಾಕಿದ.

"ಅಲ್ಲ ಸ್ವಾಮಿ, ಸೊಸೆಮ್ಮ ಮರದಡಿ ಕುಂತವ್ರೆ. ಒಳಗ್ಯಾರು ಬೇಯಿಸ್ತಾವ್ರೆ?"

"ನಮ್ಮ ಮನೆಯೋಳು," ಎಂದರು ಪರಮಶಿವಯ್ಯ.

"ಅಜ್ಜಮ್ಮಂಗೆ ಕಣ್ಣು ಕಾಣಾಕಿಲ್ವಲ್ಲ."

"ಕೈಗೂ ಕಣ್ಣು ಬೇಕೇನಪ್ಪ?"

ಪಡಸಾಲೆಯವರು ನಕ್ಕರು. ಹುಲಿಯಪ್ಪನೂ ನಕ್ಕ. ಆದರೆ ಬಿಡಲಿಲ್ಲ. "ತಿಂಗ್ಳು ತಿಂಗ್ಳೂ ಇಂಗೇ ತಾನೆ?" ಎಂದ. "ನಾನು ವಾರವಾರ ಬತ್ತೀನಿ, ಇವತ್ತೇ ಕಣ್ಣಿಗೆ ಬಿದ್ದದ್ದು."

"ಹಿಂಗೇ. ಹಿತ್ತಿಲ ಕಡೆ ಕೂತಿರ್ತಿದ್ಲು, ನೀನು ನೋಡಿಲ್ಲ ಅಷ್ಟೆ."

ನೀಲಾಂಬಿಕೆ ಕೇಳಿಸಿಕೊಂಡಳು. ಒಳಗಿಂದ ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಕಿಂಡಿಯ ಕಲ್ಲಿಗೆ ಸೌಟು ಒಂದು ಸಲ ತಟ್ಟಿತು, ತಡವರಿಸಿಕೊಂಡು, ಕಲ್ಲೆಲ್ಲಿದೆ ಎಂದು ಹುಡುಕಿ ತಟ್ಟಿದಂತೆ.

ಮೂರು ದಿನ ಸುವರ್ಣಮ್ಮ ಬೇಯಿಸಿದರು. ಶಾಂತ ಅವರ ಕಣ್ಣಾದಳು. ಎರಡನೆಯ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮೂರನೆಯ ದಿನ ಗಂಜಿ ಬಸಿಯುವಾಗ ಅತ್ತೆಯ ಮುಂಗೈ ಬೆಂದಿತು. ಷಡಕ್ಷರಿ ಜೇನುತುಪ್ಪ ಹಚ್ಚಿ ಬಟ್ಟೆ ಸುತ್ತಿದ. ಹೊರಗೆ ಕೂತ ನೀಲಾಂಬಿಕೆಗೆ ನೆರಳಿತ್ತು, ಗಾಳಿಯಿತ್ತು, ಮಾಡಲು ಏನೂ ಇರಲಿಲ್ಲ. ಕಲ್ಲಮ್ಮನ ಹಾಗೆ ಕಾಲು ನೀಡಲು ನೋಡಿದಳು. ಕಾಲು ತಾನೇ ಮಡಿಸಿಕೊಂಡಿತು.

ನಾಲ್ಕನೆಯ ದಿನ ಮಾವ ಊಟಕ್ಕೆ ಕೂತು, ಕೂಗಾಡದೆ, ಸಂತೆಯ ಸಾಮಾನಿನ ಪಟ್ಟಿ ಹೇಳುವವರ ಹಾಗೆ ಹೇಳಿದರು. ಜನ ನೋಡಿಬಿಟ್ಟಿದ್ದಾರೆ. ಇನ್ನು ಮೇಲೆ ತಿಂಗಳು ತಿಂಗಳೂ ನೀನು ಅಲ್ಲಿ ಕೂರಲೇಬೇಕು, ಕೂರದಿದ್ದರೆ ಆ ದಿನ ಬೇಯಿಸಿದ್ದು ನೀನೇ ಎಂದಾಗುತ್ತದೆ. ಮುದುಕಿಯ ಕೈಲಿ ಆಗುವ ಕೆಲಸ ಅಲ್ಲ ಇದು. ಆ ಮೂರು ದಿನ ಶಾಂತ ಒಲೆ ಹಿಡಿಯಲಿ.

"ಸ್ಕೂಲು?" ಎಂದಳು ನೀಲಾಂಬಿಕೆ.

"ಸ್ಕೂಲು ಬ್ಯಾಡ ಅಂತ ನಾನಂದ್ನಾ? ಮರದಡಿ ಹೋಗಿ ಕೂತೋಳು ನೀನು."

"ನಾಳೆ ಅವಳೂ ದೊಡ್ಡೋಳಾಯ್ತಾಳೆ ಮಾವ. ಆಗ?"

"ಇಬ್ರೂ ಒಂದೇ ದಿನ ಆಯ್ತೀರಾ?"

ಶಾಂತ ನೀರಿನ ಚೊಂಬು ಇಟ್ಟು ಹಿತ್ತಿಲಿಗೆ ಹೋದಳು. ಬಾವಿಯ ರಾಟೆ ಗಿರಗುಟ್ಟಿತು. ಬೇಕಿಲ್ಲದಿದ್ದರೂ ನೀರು ಸೇದುತ್ತಿದ್ದಳು.

ಮೇ ತಿಂಗಳು ಹಾಗೇ ಸರಿಯಿತು. ಅಣ್ಣನ ಇನ್ನೊಂದು ಕಾಗದ ಬಂತು, ಉತ್ತರವಿಲ್ಲದೆ ಗೂಡಿನಲ್ಲಿ ಕೂತಿತು. ಷಡಕ್ಷರಿಯನ್ನು ಕೇಳಿದರೆ, ಅಪ್ಪನ ಮಾತಿಗೆ ನಾನೇನು ಹೇಳಲಿ ಎಂದು ಸೌದೆ ಒಡೆಯಲು ಹೋದ. ಸುವರ್ಣಮ್ಮ ಮಾತ್ರ ಹಳೆಯ ಹಾಡನ್ನೇ ಹಾಡುತ್ತಿದ್ದರು. ಒಂದು ಗಂಡು ಹುಟ್ಟಲಿ, ಎಲ್ಲ ನೆಟ್ಟಗಾಗುತ್ತದೆ ಎಂದು. ಶಾಂತ ಮಲಗಿದ್ದ ತೊಟ್ಟಿಲಿನ ಹಗ್ಗವನ್ನು ಅವರು ಹನ್ನೆರಡು ವರ್ಷದಿಂದ ಅಟ್ಟದ ಮೇಲೆ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು. ಪ್ರತಿ ಶಿವರಾತ್ರಿಗೂ ಇಳಿಸಿ, ಬಿಸಿಲು ಕಾಣಿಸಿ, ಎಳೆ ಎಳೆ ಮುಟ್ಟಿ ನೋಡಿ, ಮತ್ತೆ ಸುತ್ತಿಡುವರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ತಿಂಗಳ ಕೊನೆಗೆ ದಿನ ಬಂತು, ನೀಲಾಂಬಿಕೆಯ ಮೈಗೆ ಅದು ಬರಲಿಲ್ಲ. ಸುಸ್ತಿಗೋ ಚಿಂತೆಗೋ ಮುಂದೆ ಹೋಗಿತ್ತು. ಅವಳು ಹೇಳಿದಳು, ಮಾವ ಕೇಳಲಿಲ್ಲ. ಸಂತೆಯ ದಿನ ಹುಲಿಯಪ್ಪ ಬರುತ್ತಾನೆ, ಹೋಗಿ ಕೂರು ಎಂದರು. ಕೂತಳು.

"ರಜ ಬೇಕು ಅಂತಿದ್ರಲ್ಲ ಅವ್ವ," ಎಂದಳು ಕಲ್ಲಮ್ಮ ಹಾದುಹೋಗುತ್ತ. ನೀಲಾಂಬಿಕೆಯ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡಳು.

ಬಸ್ಸು ಬಂತು. ಪಡಸಾಲೆ ತುಂಬಿತು. ಒಳಗಿಂದ ಸೌಟಿನ ಸದ್ದು ಬಂತು, ಒಂದು, ಎರಡು, ಮತ್ತೆ ಒಂದು. ಚುರುಕಾದ ಕೈ, ಒಂದಿಷ್ಟೂ ತಡವರಿಕೆಯಿಲ್ಲ. ಮರದಡಿ ಕೂತ ನೀಲಾಂಬಿಕೆ ಒಂದೊಂದು ಸದ್ದನ್ನೂ ಎಣಿಸಿದಳು. ಹುಡುಗಿ ತಪ್ಪು ಮಾಡುತ್ತಾಳೆ, ಸಾರು ಕೆಡುತ್ತದೆ, ಮುದ್ದೆ ಗಂಟಾಗುತ್ತದೆ ಎಂಬ ಆಸೆಯೊಂದು ಅವಳಿಗೇ ತಿಳಿಯದೆ ಒಳಗಿತ್ತು. ಕೈ ತೊಳೆಯಲು ಬಂದ ಹುಲಿಯಪ್ಪ ಜೋರಾಗಿಯೇ ಹೇಳಿದ.

"ಸೊಸೆಗಿಂತ ಮೊಮ್ಮಗಳ ಕೈ ವಾಸಿ ಬುಡಿ ಸ್ವಾಮಿ. ಈ ಕೈನ ಬೇರೆ ಮನೆಗೆ ಕೊಟ್ಬುಟ್ಟೀರಾ, ಜ್ವಾಕೆ."

ಪರಮಶಿವಯ್ಯ ನಕ್ಕರು. ಆ ನಗುವಿನಲ್ಲಿ ಕೇಡಿರಲಿಲ್ಲ. ಏರು ಹತ್ತಿದ ಎತ್ತಿನ ಬೆನ್ನು ತಟ್ಟುವವನ ಸಂತೋಷವಿತ್ತು.

ಮೂರು ದಿನ ಮುಗಿದು ಒಳಗೆ ಹೋದಾಗ ಶಾಂತ ಪಾತ್ರೆ ಬೋರಲು ಹಾಕುತ್ತಿದ್ದಳು. ಮೊಣಕೈವರೆಗೆ ಮಸಿ. ಅವ್ವನ ಕಡೆ ತಿರುಗಿ, ಹುರುಳಿ ಇನ್ನು ಎರಡು ಸೇರಿದೆ, ಹುಣಸೆ ತರಿಸಬೇಕು ಎಂದಳು. ಕಾಗದದ ಮಾತೆತ್ತಲಿಲ್ಲ.

ಜೂನ್ ಏಳನೆಯ ತಾರೀಖು, ಬಸ್ಸು ಹೋದ ಮೇಲೆ, ಎಲ್ಲರೂ ಊಟಕ್ಕೆ ಕೂತಿದ್ದಾಗ ನೀಲಾಂಬಿಕೆ ನಿಂತುಕೊಂಡೇ ಹೇಳಿದಳು.

"ಇನ್ನು ಮೇಲೆ ನಾನು ಮರದಡಿ ಕೂರಬೇಕಾದ್ದಿಲ್ಲ ಮಾವ. ಹೋದ ತಿಂಗಳು ನನಗೆ ಆಗಲೇ ಇಲ್ಲ. ನೀವು ಕೂರು ಅಂದ್ರಿ, ಕೂತೆ."

ಸುವರ್ಣಮ್ಮನ ಕೈಯ ಎಲೆ ಕೆಳಗೆ ಬಿತ್ತು. ಪೊರೆ ಕವಿದ ಕಣ್ಣು ದನಿ ಬಂದ ಕಡೆ ಎದ್ದಿತು.

"ಬಸುರಾ ನೀಲಾ?"

"ಅಲ್ಲ ಅತ್ತೆ. ನಿಂತೋಯ್ತು."

"ಮೂವತ್ತೆರಡಕ್ಕೇ?"

"ನಮ್ಮವ್ವಂಗೂ ಹಂಗೇ ಆಗಿತ್ತು."

ಅವಳ ಅವ್ವನಿಗೆ ಹಾಗೆ ಆಗಿರಲಿಲ್ಲ. ಪರಮಶಿವಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದರು. ಷಡಕ್ಷರಿ ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಒಂದು ಸುಳ್ಳನ್ನು ಹೇಳಿದರೆ ಅದರ ಹಿಂದೆ ಎಷ್ಟು ವರ್ಷ ನಡೆಯಬೇಕು, ಮನೆಯಲ್ಲಿ ಇನ್ನು ತೊಟ್ಟಿಲು ಕಟ್ಟುವ ಹಾಗಿಲ್ಲ, ಎಲ್ಲ ಅವನಿಗೆ ಅರ್ಥವಾಯಿತು.

"ಹೂಂ ಅಪ್ಪ," ಎಂದ. "ನನಗೆ ಹೇಳಿದ್ಲು."

ಅವಳು ಅವನಿಗೆ ಹೇಳಿರಲಿಲ್ಲ.

"ಹಂಗಾದ್ರೆ ತಿಂಗಳೆಲ್ಲ ನೀನೇ..." ಎಂದರು ಮಾವ.

"ತಿಂಗಳೆಲ್ಲ ನಾನೇ. ಯಾರ ಬಾಯಿಗೂ ಹೆದರಬೇಕಾದ್ದಿಲ್ಲ. ಶಾಂತ ಹೋಗ್ಲಿ."

"ಮೂವತ್ತು ಎಲೆ ಕಣವ್ವ."

"ಆಯ್ತದೆ."

"ರುಬ್ಬೋದು ನಾನು ರುಬ್ತೀನಿ," ಎಂದ ಷಡಕ್ಷರಿ. ಅಪ್ಪನ ಎದುರು ಅವನು ಆಡಿದ ಎರಡನೆಯ ಮಾತು ಅದು, ಅದೂ ಒಂದೇ ದಿನದಲ್ಲಿ.

ಪರಮಶಿವಯ್ಯ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರು. ಎಲೆಯಲ್ಲಿ ಒಂದಗುಳೂ ಬಿಡದೆ ಮುಗಿಸಿ, ಚೊಂಬಿನ ನೀರಿನಲ್ಲಿ ಕೈ ತೊಳೆದು, ಎದ್ದು ಹೋಗುವಾಗ, ಟ್ರಂಕು ಒಂದು ಅಟ್ಟದ ಮೇಲಿರಬೇಕು, ಇಳಿಸಿ ಒರೆಸಿ ಎಂದರು. ಸುವರ್ಣಮ್ಮ ಬಿದ್ದ ಎಲೆಯನ್ನು ತಡಕಿ ಎತ್ತಿಕೊಂಡರು, ಕಡ್ಡಿ ಚುಚ್ಚಲಿಲ್ಲ, ಹಾಗೇ ಮಡಿಲಲ್ಲಿಟ್ಟುಕೊಂಡು ಕೂತರು. ಆ ಸಂಜೆ ಅವರು ಉಣ್ಣಲಿಲ್ಲ.

ವಾರದೊಳಗೆ ಸುದ್ದಿ ಕಲ್ಲಮ್ಮನ ಬಾಯಿಂದ ಊರಿಗೆ, ಊರಿಂದ ಬಸ್ಸಿಗೆ ಹೋಯಿತು. ಇಷ್ಟು ಬೇಗ ನಿಂತುಹೋಯಿತೇ, ಪಾಪ, ಗಂಡು ಸಂತಾನವಿಲ್ಲ ಎಂದು ಎಲೆಯ ಮುಂದೆ ಕೂತವರು ಮರುಗಿದರು. ಮರುಗುತ್ತಲೇ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಹದಿಮೂರನೆಯ ತಾರೀಖು ಶಾಂತ ಹೊರಟಳು. ಷಡಕ್ಷರಿ ಜೊತೆಗೆ ಹೋಗಿ ಹೊಳೆನರಸೀಪುರಕ್ಕೆ ಮುಟ್ಟಿಸಿ ಬರುವವನಿದ್ದ. ಬಸ್ಸು ನಿಂತ ಹೊತ್ತು ಎಂದರೆ ಮೂವತ್ತು ಎಲೆಯ ಹೊತ್ತು. ನೀಲಾಂಬಿಕೆಗೆ ಒಲೆ ಬಿಟ್ಟು ಕದಲಲಾಗಲಿಲ್ಲ. ಬಡಿಸಲು ಮಾವನೊಬ್ಬರೇ, ಓಡಾಡುತ್ತಿದ್ದರು. ಮಗಳು ಒಳಗೆ ಬಂದು ಕಾಲು ಮುಟ್ಟಿ ಹೋಗಿದ್ದಳು. ಬಸ್ಸು ಹತ್ತಿದಳೇನೋ ಎಂದುಕೊಳ್ಳುವಾಗ ಕಿಂಡಿಯ ಕಲ್ಲಿಗೆ ಹೊರಗಡೆಯಿಂದ ಸದ್ದಾಯಿತು. ಬೆರಳಗೆಣ್ಣಿನಿಂದ ಮೂರು ಸಲ. ಎಲ್ಲ ಮುಗಿಯಿತು, ಇನ್ನು ಯಾರನ್ನೂ ಕೂರಿಸಬೇಡಿ.

ನೀಲಾಂಬಿಕೆ ಬಗ್ಗಿ ನೋಡಿದಳು. ಕಿಂಡಿಯಲ್ಲಿ ಕಂಡದ್ದು ಒಂದು ಕೈ, ಉಜ್ಜಿ ತೊಳೆದ ಕೈ, ಉಗುರಿನ ಸಂದಿಯಲ್ಲಿ ಮಾತ್ರ ಸ್ವಲ್ಪ ಮಸಿ ಉಳಿದಿತ್ತು. ಆ ಕೈಯನ್ನು ಅವಳು ಆ ಕಡೆಯಿಂದ ಎಂದೂ ಕಂಡಿರಲಿಲ್ಲ. ಮುಟ್ಟಬೇಕೆಂದು ಸೌಟು ಕೆಳಗಿಡುವಷ್ಟರಲ್ಲಿ ಬಸವರಾಜು ಹಾರನ್ ಒತ್ತಿದ. ಕೈ ಹೋಯಿತು. ಆ ಜಾಗದಲ್ಲಿ ಮಾವನ ಕೈ ಬಂದು ಖಾಲಿ ತಪ್ಪಲೆ ಇಟ್ಟಿತು.

ಮಗಳು ಹೋದ ನಾಲ್ಕನೆಯ ದಿನ ನೀಲಾಂಬಿಕೆಯ ಮೈ ತನ್ನ ತಿಂಗಳನ್ನು ನೆನಪಿಸಿಕೊಂಡಿತು. ಸೊಂಟದ ನೋವಿನಲ್ಲೇ ಮೂವತ್ತು ಎಲೆ ಮುಗಿಸಿದಳು. ಮಾವ ಕಟ್ಟಾಯಕ್ಕೆ ಹೋಗಿದ್ದ ಹೊತ್ತು ನೋಡಿ ಬಟ್ಟೆ ಒಗೆದಳು. ಒಗೆದ ಮೇಲೆ ಎಲ್ಲಿ ಒಣಗಿಸುವುದೆಂದು ತೋಚದೆ ನಿಂತಳು. ಬಚ್ಚಲಿನ ಮೂಲೆಗೆ ಈಗ ಮಾವನ ಕಣ್ಣು ಬೀಳುತ್ತದೆ, ಹಿತ್ತಿಲಿಗೆ ಕಲ್ಲಮ್ಮ ಬರುತ್ತಾಳೆ. ಉಳಿದದ್ದು ಒಲೆಯ ಮೇಲಿನ ಅಟ್ಟ. ಅಲ್ಲಿ ಹೊಗೆ, ಅಲ್ಲಿಗೆ ಕೆಲಸವಿಲ್ಲದೆ ಯಾರೂ ಹತ್ತುವುದಿಲ್ಲ. ಹಸಿ ಬಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಏಣಿ ಹಿಡಿದಳು.

ಗೋಡೆಗೊರಗಿ ಎಲೆ ಹಚ್ಚುತ್ತಿದ್ದ ಸುವರ್ಣಮ್ಮ ಏಣಿಯ ಸದ್ದಿಗೆ ತಲೆಯೆತ್ತಿದರು. ಯಾರು ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ.

"ಮೂರನೇ ಮೆಟ್ಲು ಸಡಿಲಾಗಿ ಅದೆ, ನೋಡ್ಕಂಡು ಹತ್ತು," ಎಂದರು. "ನಾನು ಹತ್ತುವಾಗ ಬೀಳೋಳಿದ್ದೆ."

ಮೇಲೆ ಕತ್ತಲು. ಹೊಗೆಗೆ ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಮೂಲೆಯಲ್ಲಿ ಆ ಸೀರೆಯ ತುಂಡು ಬಿಚ್ಚಿ ಮಡಿಸಿಟ್ಟಿತ್ತು. ತೊಟ್ಟಿಲಿನ ಹಗ್ಗ ಒಂದು ತೊಲೆಯಿಂದ ಇನ್ನೊಂದು ತೊಲೆಗೆ ಬಿಗಿಯಾಗಿ ಕಟ್ಟಿತ್ತು, ಬಟ್ಟೆ ಹರವಲು ತಕ್ಕ ಎತ್ತರದಲ್ಲಿ. ಗಂಟುಗಳನ್ನು ಎರಡೆರಡು ಸಲ ಹಾಕಿತ್ತು, ಕಣ್ಣು ಕಾಣದವರು ಹಾಕುವ ಹಾಗೆ.

ನೀಲಾಂಬಿಕೆ ಬಟ್ಟೆಯನ್ನು ಹಗ್ಗದ ಮೇಲೆ ಹರವಿದಳು. ಕೆಳಗೆ ಎಸರು ಕುದಿಯುವ ಸದ್ದಾಯಿತು. ಏಣಿಯಿಳಿದು ಬಂದು, ಕೈ ತೊಳೆದು, ರಾಗಿಹಿಟ್ಟಿನ ಡಬ್ಬಿ ತೆಗೆದಳು.